ಮತ್ತೆ ಸ್ಟೇರಿಂಗ್ ಹಿಡಿಯುವ ಮೊದಲು

2024ರ ಜೂನ್‌ಗೆ ನನ್ನ ಡ್ರೈವಿಂಗ್ ಲೈಸನ್ಸಿನ ಇಪ್ಪತ್ತು ವರ್ಷ ಮುಗಿಯುವುದಿತ್ತು. 2004ರಲ್ಲಿ, ಹದಿನೆಂಟು ತುಂಬಿದ್ದೇ ತಡ, ಧಾರವಾಡದಲ್ಲಿ ಮಾಡಿಸಿದ್ದು. ಅದರಲ್ಲಿನ ಫೋಟೋ ನೋಡಿದರೆ ನನ್ನ ಮಗಳು ಈಗಲೂ ನಗುತ್ತಾಳೆ. ನವೀಕರಣಕ್ಕೆಂದು ಒಂದು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತೆ. ಹೆಸರು, ವಿಳಾಸ, ಆಧಾರ್ ಎಲ್ಲ ಸರಾಗವಾಗಿ ಮುಗಿದವು. ಆಮೇಲೆ ಫಾರ್ಮ್ 1 ಬಂತು.

ನಮ್ಮಲ್ಲಿ ಬಹಳ ಮಂದಿ ಈ ಫಾರ್ಮನ್ನು ಓದಿಯೇ ಇರುವುದಿಲ್ಲ. ನಾನೂ 2004ರಲ್ಲಿ ಓದಿರಲಿಲ್ಲ, ಡ್ರೈವಿಂಗ್ ಸ್ಕೂಲಿನವರು ತೋರಿಸಿದಲ್ಲಿ ಸಹಿ ಹಾಕಿದ್ದೆ. ಇದು ನಮ್ಮ ದೇಹಸ್ಥಿತಿಯ ಬಗ್ಗೆ ನಾವೇ ಕೊಡುವ ಘೋಷಣೆ. ಕೆಂಪು ಹಸಿರು ಗುರುತಿಸಬಲ್ಲಿರಾ, ಇರುಳುಗಣ್ಣು ಇದೆಯೇ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಬಲ್ಲಿರಾ ಎಂದೆಲ್ಲ ಕೇಳುತ್ತದೆ. ಇವೆಲ್ಲಕ್ಕಿಂತ ಮೊದಲ ಪ್ರಶ್ನೆ ಬೇರೆಯೇ. ನಿಮಗೆ ಅಪಸ್ಮಾರ ಇದೆಯೇ, ಅಥವಾ ಯಾವುದೇ ಕಾರಣಕ್ಕೆ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವ, ತಲೆ ಸುತ್ತುವ ತೊಂದರೆ ಇದೆಯೇ?

ಹೌದು ಅಥವಾ ಇಲ್ಲ. ನಡುವೆ ಏನೂ ಇಲ್ಲ.

ನನಗಾಗ 38. ನಲವತ್ತು ದಾಟಿದ್ದರೆ ವೈದ್ಯರ ಪ್ರಮಾಣಪತ್ರವೂ ಬೇಕಾಗುತ್ತಿತ್ತು. ಅದಕ್ಕಿಂತ ಮೊದಲು ಸ್ವಂತ ಗಾಡಿಯವರಿಗೆ ಸ್ವಂತ ಮಾತೇ ಸಾಕು. ಯಾರೂ ಪರೀಕ್ಷೆ ಮಾಡುವುದಿಲ್ಲ. ಸಹಾಯಕ್ಕಿದ್ದ ಏಜೆಂಟ್ ಫೋನಿನಲ್ಲೇ ಹೇಳಿಬಿಟ್ಟಿದ್ದ, "ಮ್ಯಾಡಮ್, ಸಗಳ್ಯಾಲಾ ನೋ ಟಾಕಾ." ಎಲ್ಲದಕ್ಕೂ ಇಲ್ಲ ಅಂತ ಹಾಕಿ.

ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದೆ.

ಎರಡು ವರ್ಷ ಹಿಂದಕ್ಕೆ ಹೋಗಬೇಕು. 2022ರ ಜುಲೈ, ಪುಣೆಯ ಮಳೆ. ನನಗೆ ಜ್ವರ, ತಲೆನೋವು. ಮಳೆಗಾಲದಲ್ಲಿ ಜ್ವರ ಅಂದರೆ ಡೆಂಗಿ ಇಲ್ಲವೇ ವೈರಲ್ ಅನ್ನುವುದು ನಮ್ಮ ಸೊಸೈಟಿಯ ವಾಚ್‌ಮನ್‌ಗೂ ಗೊತ್ತು. ಡೋಲೋ ನುಂಗಿ ವಾಕಡ್‌ನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಮೂರನೆಯ ದಿನ ಒಂದು ವಿಚಿತ್ರ ಶುರುವಾಯಿತು. ಆಗಾಗ ಹಾಲು ಸೀದ ವಾಸನೆ. ಗ್ಯಾಸ್ ಆರಿಸಿದೆಯಾ ಎಂದು ಗಂಡನನ್ನು ಹತ್ತು ಸಲ ಕೇಳಿರಬೇಕು. ಅವರು ಎದ್ದು ನೋಡಿ ಬರುವರು, ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ. ವಾಸನೆ ಅರ್ಧ ನಿಮಿಷ ಇದ್ದು ಹೋಗುತ್ತಿತ್ತು. ಹೋದ ಮೇಲೆ ಸ್ವಲ್ಪ ಹೊತ್ತು ಯಾವುದೂ ಸರಿಯಾಗಿ ಹೊಂದುತ್ತಿರಲಿಲ್ಲ, ಕನಸಿನಿಂದ ಎದ್ದ ಹಾಗೆ.

ನಾಲ್ಕನೆಯ ರಾತ್ರಿ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಇನ್ನೊಂದು. ಅದ್ಯಾವುದೂ ನನಗೆ ನೆನಪಿಲ್ಲ. ಎಂಆರ್‌ಐನಲ್ಲಿ ಮಿದುಳಿನ ಬಲಗಡೆ, ಕಿವಿಯ ಹತ್ತಿರದ ಟೆಂಪೊರಲ್ ಭಾಗ ಊದಿಕೊಂಡಿತ್ತು. ಬೆನ್ನಿನಿಂದ ತೆಗೆದ ನೀರಿನಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಸಿಕ್ಕಿತು. ಜ್ವರ ಬಂದಾಗ ತುಟಿಯ ಅಂಚಿಗೆ ಗುಳ್ಳೆ ಏಳುತ್ತದಲ್ಲ, ಅದೇ ವೈರಸ್. ಲಕ್ಷಾಂತರ ಜನರ ದೇಹದಲ್ಲಿ ತೆಪ್ಪಗೆ ಕೂತಿರುತ್ತದೆ. ತೀರಾ ಅಪರೂಪಕ್ಕೆ ಮಿದುಳಿಗೆ ಹೋಗುತ್ತದೆ, ಯಾಕೆ ನನಗೇ ಎಂಬುದಕ್ಕೆ ಉತ್ತರವಿಲ್ಲ. ಔಷಧವಿಲ್ಲದ ಕಾಲದಲ್ಲಿ ಈ ಎನ್ಸೆಫಲೈಟಿಸ್ ಬಂದ ಹತ್ತು ಮಂದಿಯಲ್ಲಿ ಏಳು ಮಂದಿ ಸಾಯುತ್ತಿದ್ದರಂತೆ. ನನ್ನನ್ನು ಉಳಿಸಿದ್ದು ಅಸೈಕ್ಲೋವಿರ್, ಎಂಟೆಂಟು ಗಂಟೆಗೊಮ್ಮೆ ರಕ್ತನಾಳಕ್ಕೆ, 21 ದಿನ. (ಆ ಔಷಧ ಹೊರಬಂದದ್ದು ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದಿಂದ. 1988ರಲ್ಲಿ ನೊಬೆಲ್ ಹಂಚಿಕೊಂಡ ಆಕೆಗೆ ಪಿಎಚ್‌ಡಿ ಇರಲಿಲ್ಲ, ಬರೀ ಮಾಸ್ಟರ್ಸ್. ಎಂ.ಟೆಕ್‌ಗೇ ನಿಲ್ಲಿಸಿದ ನನಗೆ ಇದನ್ನು ಓದಿ ಸುಮ್ಮನೆ ಖುಷಿಯಾಯಿತು.)

ಮೂರನೆಯ ವಾರ ವಾರ್ಡಿನಲ್ಲಿ ನ್ಯೂರಾಲಜಿಸ್ಟರಿಗೆ ಹಾಲಿನ ವಾಸನೆಯ ಕಥೆಯನ್ನು ತಮಾಷೆಗೆಂದು ಹೇಳಿದೆ. ಅವರು ನಗಲಿಲ್ಲ. "ಅದೇ ನಿಮ್ಮ ಮೊದಲ ಫಿಟ್ಸ್. ಟೆಂಪೊರಲ್ ಭಾಗದಿಂದ ಹೀಗೆ ಚಿಕ್ಕ ಚಿಕ್ಕದಾಗಿ ಶುರುವಾಗುತ್ತವೆ," ಅಂದರು.

ಆ ಮೂರನೆಯ ದಿನ ಬೆಳಿಗ್ಗೆ, ಶಾಲೆಯ ಬಸ್ ತಪ್ಪಿತೆಂದು, ನಾನು ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಭೂಮ್ಕರ್ ಚೌಕ್ ದಾಟಿ ಹೋಗಿ ಬಂದಿದ್ದೆ. ದಾರಿಯಲ್ಲಿ ಒಮ್ಮೆ ಆ ವಾಸನೆ ಬಂದಿತ್ತು. ಪಕ್ಕದ ಟೆಂಪೋದ ಕ್ಲಚ್ ಸುಟ್ಟಿರಬೇಕು ಅಂದುಕೊಂಡಿದ್ದೆ. ಇದನ್ನು ಮನೆಯಲ್ಲಿ ಹೇಳಲು ನನಗೆ ಬಹಳ ದಿನ ಹಿಡಿಯಿತು.

ಡಿಸ್‌ಚಾರ್ಜ್ ಮಾಡುವಾಗ ಕೊಟ್ಟ ಪಟ್ಟಿ ಉದ್ದವಿತ್ತು. ಲೆವೆಟಿರಾಸಿಟಮ್ ಮಾತ್ರೆ ತಪ್ಪಿಸಬಾರದು, ನಿದ್ದೆಗೆಡಬಾರದು, ಒಬ್ಬರೇ ಈಜಬಾರದು, ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಬಾರದು. ಕೊನೆಯ ಸಾಲು, ಕನಿಷ್ಠ ಒಂದು ವರ್ಷ ಯಾವ ಗಾಡಿಯನ್ನೂ ಓಡಿಸಬಾರದು.

ಚಿಲಕದ ವಿಷಯಕ್ಕೆ ನಾನು ಅತ್ತೆ. ಗಾಡಿಯ ವಿಷಯಕ್ಕೆ ಆಗ ಏನೂ ಅನ್ನಿಸಲಿಲ್ಲ.

ಅನ್ನಿಸಿದ್ದು ಆಮೇಲೆ. ಮೆಟ್ರೋ ನಗರಗಳಲ್ಲಿ ಬದುಕುವ ನಮ್ಮಂಥವರಿಗೆ, ಅದರಲ್ಲೂ ಹೆಂಗಸರಿಗೆ, ಗಾಡಿ ಅಂದರೆ ಏನು ಎಂಬುದು ಅದು ಹೋದಾಗಲೇ ಗೊತ್ತಾಗುವುದು. ಹಿಂಜವಡಿಯ ಆಫೀಸಿಗೆ ಹೋಗುವುದಿರಲಿ, ಮೂಲೆಯ ಅಂಗಡಿಯಿಂದ ಕೊತ್ತಂಬರಿ ತರಲೂ ಇನ್ನೊಬ್ಬರ ಸಮಯ ಕೇಳಬೇಕು. ಕ್ಯಾಬಿನವನು ಎರಡು ನಿಮಿಷ ಅಂದು ರೈಡ್ ಕ್ಯಾನ್ಸಲ್ ಮಾಡುವುದನ್ನು ನೋಡುತ್ತ ಗೇಟಿನಲ್ಲಿ ನಿಲ್ಲಬೇಕು. ಊರಿನಿಂದ ಬಂದಿದ್ದ ಅತ್ತೆ ಪ್ರೀತಿಯಿಂದಲೇ ಅಂದರು, "ಜೀವ ಉಳೀತಲ್ಲವಾ, ಇನ್ನ ಗಾಡಿ ಗೀಡಿ ಯಾಕ ಬೇಕು? ಹೆಣಮಗಳು, ಹಿಂದ ಕುಂತು ಹೋದ್ರ ಆತು." ಗಂಡನದೂ ಅದೇ ಧಾಟಿ, "ನಾ ಇದ್ದೀನಲ್ಲ." ಇದೇ ಕಾಯಿಲೆ ಅವರಿಗೆ ಬಂದಿದ್ದರೆ ಇದೇ ಮಾತು ಬರುತ್ತಿತ್ತೇ ಎಂದು ಒಳಗೊಳಗೇ ಕೇಳಿಕೊಂಡೆ. ಆಫೀಸಿನ ಗೆಳತಿಯರು ಇನ್ನೊಂದು ತುದಿ. ಮೂರು ತಿಂಗಳಾಯಿತಲ್ಲ, ಆಟೋಮ್ಯಾಟಿಕ್ ತಗೋ, ಏನೂ ಆಗಲ್ಲ, ಎಲ್ಲ ತಲೆಯೊಳಗಿನ ಭಯ ಎನ್ನುವರು. ಭಯವಷ್ಟೇ ಅಲ್ಲ, ತಲೆಯೊಳಗೆ ಒಂದು ಗಾಯವೂ ಇದೆ ಎಂದು ಅವರಿಗೆ ಹೇಗೆ ಹೇಳುವುದು? ಇನ್ನೆಂದೂ ಬೇಡ ಅನ್ನುವವರು, ಇವತ್ತೇ ಹೊಡಿ ಅನ್ನುವವರು, ಇಬ್ಬರೂ ಇದ್ದರು. ಯಾವಾಗ, ಏನನ್ನು ಅಳೆದು ನೋಡಿ, ಎಂದು ಕೇಳಿದವರು ಯಾರೂ ಇರಲಿಲ್ಲ.

ನಾನೂ ಕೇಳಿಕೊಂಡಿರಲಿಲ್ಲ ಎಂಬುದಕ್ಕೆ ಆ ನವೆಂಬರ್ ಸಾಕ್ಷಿ. ಸಂಜೆ ಮಗಳನ್ನು ಸ್ಕೇಟಿಂಗ್ ಕ್ಲಾಸಿನಿಂದ ತರಬೇಕಿತ್ತು. ಗಂಡ ಕಾಲ್‌ನಲ್ಲಿದ್ದರು, ಮೂರು ಆಟೋ ಕ್ಯಾನ್ಸಲ್ ಆದವು. ದೂರ ಮುಕ್ಕಾಲು ಕಿಲೋಮೀಟರ್, ಗಲ್ಲಿ ರಸ್ತೆ. ಆಕ್ಟಿವಾದ ಕೀಲಿ ತೆಗೆದುಕೊಂಡೆ. ಹೆಲ್ಮೆಟ್ ಹಾಕಿದೆ, ಮೆಲ್ಲಗೇ ಹೋದೆ. ಗುಲ್‌ಮೊಹರ್ ಮರದ ಹತ್ತಿರ ಟಪ್ ಎಂದು ಏನೋ ಹೆಲ್ಮೆಟ್ಟಿನ ಎಡಗಡೆಗೆ ಬಡಿಯಿತು. ಬಾಗಿದ ಕೊಂಬೆ. ಗಾಡಿ ಓಲಾಡಿತು, ಬೀಳಲಿಲ್ಲ. ನಿಲ್ಲಿಸಿ ತಿರುಗಿ ನೋಡಿದೆ. ಕಣ್ಣಿಗೆ ಹೊಡೆಯುವಷ್ಟು ದಪ್ಪನೆಯ ಕೊಂಬೆ, ರಸ್ತೆಯ ಮೇಲೆ ಚಾಚಿಕೊಂಡಿತ್ತು. ಬರುವಾಗ ನಾನು ಅದನ್ನು ಗಮನಿಸಲಿಲ್ಲ ಎಂದಲ್ಲ. ಅದು ನನಗೆ ಕಂಡೇ ಇರಲಿಲ್ಲ.

ಗಾಡಿಯನ್ನು ಅಲ್ಲೇ ಬಿಟ್ಟು ನಡೆದು ಹೋಗಿ ಮಗಳನ್ನು ಕರೆತಂದೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಗಂಡನಿಗೆ ಹೇಳಿದೆ, ಆಮೇಲೆ ವೈದ್ಯರಿಗೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಸುಮ್ಮನೆ ಕಣ್ಣಿನ ಪೆರಿಮೆಟ್ರಿ ಪರೀಕ್ಷೆಗೆ ಬರೆದರು.

ಬಟ್ಟಲಿನಂಥ ಯಂತ್ರದೊಳಗೆ ಗದ್ದ ಊರಿ ಕೂರಬೇಕು. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಲ್ಲಿ ಸಣ್ಣ ಬೆಳಕು ಮಿಣುಕುತ್ತದೆ, ಕಂಡಾಗ ಬಟನ್ ಒತ್ತಬೇಕು. ವರದಿಯಲ್ಲಿ ಎರಡೂ ಕಣ್ಣುಗಳ ಚಿತ್ರದಲ್ಲಿ ಎಡಗಡೆಯ ಮೇಲಿನ ಮೂಲೆ ಬೂದುಬಣ್ಣಕ್ಕಿತ್ತು. ಕಣ್ಣಿಗೇನೂ ಆಗಿರಲಿಲ್ಲ. ನಾವು ಮೇಲ್ಗಡೆ ಕಾಣುವುದನ್ನು ಹಿಂದಕ್ಕೆ ಒಯ್ಯುವ ನರತಂತುಗಳು ಟೆಂಪೊರಲ್ ಭಾಗದೊಳಗೆ ಬಳಸಿಕೊಂಡು ಹೋಗುತ್ತವೆ. ಬಲಗಡೆ ಪೆಟ್ಟು ಬಿದ್ದರೆ ಎಡಗಡೆಯ ಮೇಲಿನ ಲೋಕ ಮಾಯ. ಅಲ್ಲಿ ಕಪ್ಪು ಕಾಣುತ್ತದೆ ಎಂದುಕೊಳ್ಳಬೇಡಿ. ಕಪ್ಪು ಕಂಡಿದ್ದರೆ ಮೊದಲೇ ತಿಳಿಯುತ್ತಿತ್ತು. ಅಲ್ಲಿ ಏನೋ ಇರಬೇಕು ಎಂಬ ಅರಿವೇ ಇರುವುದಿಲ್ಲ. ಚೌಕಿನಲ್ಲಿ ಎಡಗಡೆ ಮೇಲೆ ತೂಗುವ ಸಿಗ್ನಲ್ ಎಲ್ಲಿರುತ್ತದೋ ಅಲ್ಲಿ.

ಮತ್ತು ಆ ಸ್ಥಿತಿಯಲ್ಲೂ 25 ಮೀಟರ್ ದೂರದ ನಂಬರ್ ಪ್ಲೇಟನ್ನು ನಾನು ಒಂದಕ್ಷರ ಬಿಡದೆ ಓದುತ್ತಿದ್ದೆ.

ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಮೂವತ್ತಕ್ಕೂ ಹೆಚ್ಚು ವರ್ಷ ಕೆಂಪು ಬಸ್ಸು ಓಡಿಸಿದವರು. ಸಹಾನುಭೂತಿ ಬಯಸಿದ್ದೆ. ಅವರು ಕೊಂಬೆಯ ಕಥೆ ಕೇಳಿ ಸುಮ್ಮನಾದರು. ಆಮೇಲೆ, "2003ರಾಗ ನಾ ಆರು ತಿಂಗಳ ಡಿಪೋದಾಗ ಕುಂತಿದ್ದೆ, ಯಾಕ ಗೊತ್ತೈತೇನು?" ಅಂದರು.

ಗೊತ್ತಿರಲಿಲ್ಲ. ನನಗೆ ನೆನಪಿದ್ದುದು ಆ ವರ್ಷ ಮನೆಯಲ್ಲಿ ದುಡ್ಡಿನ ಬಿಕ್ಕಟ್ಟು, ಅವ್ವ ಅಪ್ಪನ ಮೇಲೆ ಮುನಿಸಿಕೊಂಡಿದ್ದು ಅಷ್ಟೇ. ನಡೆದದ್ದು ಇದು. ಭಾರತ ಹುಣ್ಣಿಮೆ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿ ಬಸ್ಸಿನ ತುಂಬ. ಸವದತ್ತಿ ದಾರಿಯಲ್ಲಿ ಅಪ್ಪನಿಗೆ ಕೈ ನಡುಗಿ, ಮೈ ಬೆವೆತು, ಮುಂದಿನ ರಸ್ತೆ ಎರಡಾಗಿ ಕಂಡಿತು. ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾಗಿ ತಿಂಗಳಾಗಿತ್ತು, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಬಸ್ ಬದಿಗೆ ಹಾಕಿ, ಟಯರ್ ನೋಡುವ ನೆಪ ಮಾಡಿ ಇಳಿದು, ಯಾರದೋ ಮಗುವಿನ ಕೈಯ ಪೆಪ್ಪರಮಿಂಟ್ ಕೇಳಿ ತಿಂದರಂತೆ. ಹತ್ತು ನಿಮಿಷಕ್ಕೆ ಸರಿಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಮರುದಿನ ತಾವೇ ಹೋಗಿ ಸಂಸ್ಥೆಯ ಡಾಕ್ಟರಿಗೆ ಹೇಳಿದರು. ಆರು ತಿಂಗಳು ಸ್ಟೇರಿಂಗ್ ಇಲ್ಲ, ಓಟಿ ಇಲ್ಲ, ಭತ್ಯೆ ಇಲ್ಲ.

"ಹೇಳದಿದ್ರ ನಡೀತಿತ್ತಲ್ಲಪಾ," ಅಂದೆ.

"ನಡೀತಿತ್ತು. ಹಿಂದ ಕುಂತ ಅರವತ್ತ ಮಂದಿಗೆ ನನ್ನ ತಲಿಯೊಳಗ ಏನ ನಡದೈತಿ ಅಂತ ಗೊತ್ತಿರತೈತೇನು? ಗೊತ್ತಿದ್ದಾವ ನಾ ಒಬ್ಬನ."

ಆಕ್ಟಿವಾ ಕೀಲಿಯನ್ನು ನಾನೇ ಗಂಡನ ಕಪಾಟಿನಲ್ಲಿಟ್ಟೆ.

ವರ್ಷ ಕಳೆಯಿತು. 2023ರ ಜುಲೈವರೆಗೆ ಫಿಟ್ಸ್ ಇಲ್ಲ, ಹಾಲಿನ ವಾಸನೆ ಇಲ್ಲ. ಪೆರಿಮೆಟ್ರಿಯ ಬೂದು ಮೂಲೆ ಪ್ರತಿ ಸಲವೂ ಕುಗ್ಗುತ್ತ ಅಂಚಿಗೆ ಸರಿದಿತ್ತು. ಎಲ್ಲರಿಗೂ ಹೀಗೆ ಕುಗ್ಗುವುದಿಲ್ಲ, ನನ್ನದು ಅದೃಷ್ಟ. ಇನ್ನೇನು ಕೀಲಿ ಸಿಕ್ಕಿತು ಅಂದುಕೊಂಡು ಹೋದರೆ ವೈದ್ಯರು ಒಂದು ಕವಲು ಮುಂದಿಟ್ಟರು. ಮಾತ್ರೆ ಮುಂದುವರಿಸುವುದಾದರೆ ಗಾಡಿ ಶುರುಮಾಡಬಹುದು. ಮಾತ್ರೆ ಬಿಡುವುದಾದರೆ ಮೆಲ್ಲಗೆ ಇಳಿಸಬೇಕು, ಇಳಿಸುವಾಗಲೂ ಬಿಟ್ಟ ಮೇಲೆ ಆರು ತಿಂಗಳೂ ಓಡಿಸುವ ಹಾಗಿಲ್ಲ. ಫಿಟ್ಸ್ ಮರಳುವುದಾದರೆ ಆ ಅವಧಿಯಲ್ಲೇ ಹೆಚ್ಚು. ಈ ಲೆಕ್ಕವೆಲ್ಲ ನಮ್ಮ ಕಾಯ್ದೆಯಲ್ಲಿ ಇಲ್ಲ. ಅಪಸ್ಮಾರವಿದ್ದವರು ಕಾರು ಓಡಿಸಲು ಸಾಮಾನ್ಯವಾಗಿ 12 ತಿಂಗಳು ಫಿಟ್ಸ್ ಇಲ್ಲದೆ ಕಳೆದಿರಬೇಕೆಂದು ಬ್ರಿಟನ್ನಿನಲ್ಲಿ ನಿಯಮವೇ ಇದೆ. ಲಾರಿ, ಬಸ್ಸಿಗಾದರೆ ಮಾತ್ರೆಯೂ ಇಲ್ಲದೆ ಹತ್ತು ವರ್ಷ. ನಮ್ಮ 1989ರ ನಿಯಮಗಳ ಫಾರ್ಮಿನಲ್ಲಿ ಇದೆಯೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ಎಷ್ಟು ದಿನದಿಂದ ಇಲ್ಲ ಎಂದು ಅದು ಕೇಳುವುದಿಲ್ಲ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ದೋಷ. ಹೌದು ಅಂದವನಿಗೆ ಬಾಗಿಲು ಮುಚ್ಚುತ್ತದೆ, ಹಾಗಾಗಿ ಯಾರೂ ಹೌದು ಅನ್ನುವುದಿಲ್ಲ. ಒಂದು ವರ್ಷ ಕಾಯಿರಿ, ಆಮೇಲೆ ಬನ್ನಿ ಅಂದಿದ್ದರೆ ನಿಜ ಹೇಳಿ ಕಾಯುವವರು ಎಷ್ಟೋ ಮಂದಿ ಇರುತ್ತಿದ್ದರು.

ಆ ಮಾತ್ರೆಯಿಂದ ನನಗೆ ಮಧ್ಯಾಹ್ನದ ಮಂಕು, ಸಣ್ಣದಕ್ಕೂ ಸಿಡುಕು. ಮಗಳು ನನ್ನ ಮುಖ ನೋಡಿ ಮಾತಾಡಲೋ ಬೇಡವೋ ಎಂದು ಯೋಚಿಸುವುದನ್ನು ಕಂಡಿದ್ದೆ. ಮಾತ್ರೆ ಬಿಡುವುದನ್ನೇ ಆರಿಸಿಕೊಂಡೆ. ಸೆಪ್ಟೆಂಬರ್ ಕೊನೆಗೆ ಪೂರ್ತಿ ನಿಂತಿತು. ಮತ್ತೆ ಆರು ತಿಂಗಳು ಎಡಗಡೆಯ ಸೀಟು.

ಆ ದಿನಗಳಲ್ಲಿ ಇನ್ನೊಂದು ಪರೀಕ್ಷೆ. ಹಾಳೆಯ ಮೇಲೆ ಚೆಲ್ಲಿದ ಅಂಕಿ, ಅಕ್ಷರಗಳನ್ನು 1, ಎ, 2, ಬಿ, 3, ಸಿ ಎಂದು ಗೆರೆ ಎಳೆದು ಸೇರಿಸಬೇಕು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಮನಶ್ಶಾಸ್ತ್ರಜ್ಞೆ ಕೂತಿರುತ್ತಾರೆ. ಕಾಯಿಲೆಯ ಆರನೆಯ ತಿಂಗಳಲ್ಲಿ ಇದನ್ನೇ ಮಾಡಿಸಿದಾಗ, ಹದಿನಾಲ್ಕು ವರ್ಷ ಕೋಡ್ ಬರೆದ ನಾನು 'ಡಿ' ಆದ ಮೇಲೆ ಏನು ಎಂದು ಪೆನ್ಸಿಲ್ ಹಿಡಿದು ಕೂತುಬಿಟ್ಟಿದ್ದೆ. ಈ ಸಲ ಸರಾಗವಾಗಿ ಮುಗಿಯಿತು. ಕನ್ನಡಿ ನೋಡುವುದು, ಗೇರ್ ಹಾಕುವುದು, ಅಡ್ಡ ಬರುವ ನಾಯಿಯನ್ನು ಗಮನಿಸುವುದು, ಇವುಗಳ ನಡುವೆ ಗಮನ ಹೊರಳಿಸುವ ಶಕ್ತಿಯೂ ಇದೇ ಬಗೆಯದು ಎಂದು ಅವರು ವಿವರಿಸಿದರು.

2024ರ ಏಪ್ರಿಲ್‌ನಲ್ಲಿ ಡ್ರೈವಿಂಗ್ ಸ್ಕೂಲ್ ಸೇರಿದೆ. ಬೇಕೆಂದೇ. ಅವರ ಕಾರಿನಲ್ಲಿ ಕಲಿಸುವವನ ಕಾಲಿನ ಹತ್ತಿರವೂ ಬ್ರೇಕು, ಕ್ಲಚ್ಚು ಇರುತ್ತವೆ, ನಮ್ಮ ಕಾರಿನಲ್ಲಿ ಇಲ್ಲ. ನನ್ನ ಹಿಂದೆ ಮುಂದೆ ಹದಿನೆಂಟರ ಹುಡುಗ ಹುಡುಗಿಯರು. ಬೋರ್ಡಿನ ಕೆಂಪು 'ಎಲ್' ಹೊತ್ತ ಕಾರಿನಲ್ಲಿ ಕೂತು ಮೊದಲ ಗೇರ್ ಹಾಕಿ ಬಿಟ್ಟಾಗ ಕಲಿಸುವವನು ಬೆರಗಾಗಿ, "ಮ್ಯಾಡಮ್, ತುಮ್ಹಾಲಾ ತರ್ ಯೇತೇ ಕೀ!" ಅಂದ. ನಿಮಗೆ ಬರುತ್ತದಲ್ಲ! ಕೈಕಾಲಿಗೆ ಎಲ್ಲ ನೆನಪಿತ್ತು. ಮರೆತದ್ದು ದಾರಿ.

ಇದು ನಾನು ನಿರೀಕ್ಷಿಸದೆ ಇದ್ದ ನಷ್ಟ. ಮೊದಲು ನನ್ನ ತಲೆಯೊಳಗೆ ಪುಣೆಯ ನಕಾಶೆ ಇತ್ತು. ಡಾಂಗೆ ಚೌಕಿನಲ್ಲಿ ಜಾಮ್ ಆದರೆ ಯಾವ ಗಲ್ಲಿಯಿಂದ ಹೊರಬೀಳಬೇಕು ಎಂದು ಕೈ ತಾನೇ ತಿರುಗುತ್ತಿತ್ತು. ಈಗ ಹತ್ತು ವರ್ಷ ಓಡಾಡಿದ ತಿರುವಿನಲ್ಲೂ ಮುಂದಿನ ರಸ್ತೆ ಮನಸ್ಸಿಗೆ ಕಾಣುವುದಿಲ್ಲ. ಮಿದುಳಿನ ಬಲಭಾಗಕ್ಕೂ ದಾರಿಯ ನೆನಪಿಗೂ ನಂಟಿದೆಯಂತೆ. ಅದಕ್ಕೇ ಪ್ರತಿ ದಾರಿಯನ್ನೂ ಶಾಲೆಯ ಮಗ್ಗಿಯ ಹಾಗೆ ಕಲಿತೆ. ಪೆಟ್ರೋಲ್ ಬಂಕ್, ಎಡ. ಗಣಪತಿ ಗುಡಿ, ಬಲ. ಬಾಯಿಪಾಠ ಆಗದ ದಾರಿಗೆ ಒಬ್ಬಳೇ ಹೋಗುವುದಿಲ್ಲ. ಮೊಬೈಲ್ ಮ್ಯಾಪ್ ನೋಡುತ್ತ ಓಡಿಸುವುದು ನನ್ನ ಪಾಲಿಗೆ ಎರಡೆರಡು ಕೆಲಸ. ಪ್ರತಿ ಸಿಗ್ನಲ್ಲಿನಲ್ಲಿ ತಲೆಯನ್ನು ಎಡಕ್ಕೆ, ಮೇಲಕ್ಕೆ ತಿರುಗಿಸಿ ನೋಡುವುದನ್ನೂ ರೂಢಿ ಮಾಡಿಕೊಂಡಿದ್ದೇನೆ, ಮಗಳು ಅದನ್ನು ಕೋಳಿ ನೋಡಿದ ಹಾಗೆ ಅನ್ನುತ್ತಾಳೆ.

ಇನ್ನು ಆ ಫಾರ್ಮು. ಲ್ಯಾಪ್‌ಟಾಪ್ ಮುಚ್ಚಿದ ಮರುವಾರ ನ್ಯೂರಾಲಜಿಸ್ಟರ ಮುಂದೆ ಪ್ರಶ್ನೆಗಳ ಪ್ರಿಂಟ್ ಇಟ್ಟು, ನಾನು ಏನು ಬರೆಯಬೇಕು, ನಿಜ ಹೇಳಿ ಎಂದು ಕೇಳಿದೆ. ಅವರು ಫೈಲನ್ನು ಮೊದಲಿನಿಂದ ತಿರುವಿದರು. ಉರಿಯೂತದ ಬಿಸಿಯಲ್ಲಿ ಬಂದ ಫಿಟ್ಸ್ ಬೇರೆ, ಅಪಸ್ಮಾರ ಬೇರೆ. ಆದರೆ ಈ ಕಾಯಿಲೆಯ ನಂತರ ಅಪಸ್ಮಾರ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಅದಕ್ಕೇ ಇಷ್ಟು ಕಾದದ್ದು ಅಂದರು. "ಹೋದ ವರ್ಷ ಕೇಳಿದ್ದರೆ ಹೌದು ಎಂದು ಬರೆಯಿರಿ ಅನ್ನುತ್ತಿದ್ದೆ. ಇವತ್ತು ಇಲ್ಲ ಎಂದು ಬರೆಯಬಹುದು." ಸ್ವಂತ ಕಾರು ಓಡಿಸಲು ಅಡ್ಡಿಯಿಲ್ಲ ಎಂದು ತಾರೀಖು ಹಾಕಿ ಪತ್ರವನ್ನೂ ಕೊಟ್ಟರು. ಅದನ್ನು ಯಾರೂ ಕೇಳಲಿಲ್ಲ, ಕಾರಿನ ಡ್ಯಾಶ್‌ಬೋರ್ಡಿನೊಳಗೆ ಆರ್‌ಸಿ ಜೊತೆ ಇದೆ. ಏಜೆಂಟ್ ಒಂದೇ ಮಾತಿನಲ್ಲಿ ಹೇಳಿದ ಉತ್ತರವನ್ನೇ ಕೊನೆಗೆ ನಾನೂ ಬರೆದೆ. ಅದಕ್ಕೆ 20 ತಿಂಗಳ ಮೇಲಾಗಿತ್ತು.

ಹೊಸ ಲೈಸನ್ಸ್ ಹತ್ತು ವರ್ಷಕ್ಕೆ ಬಂತು. ಆದರೆ ನನ್ನದೇ ಆದ ಶರತ್ತುಗಳು ಅದರಲ್ಲಿ ಮುದ್ರಣವಾಗಿಲ್ಲ. ನಿದ್ದೆ ಆರು ತಾಸಿಗಿಂತ ಕಡಿಮೆಯಾದರೆ ಆ ದಿನ ಗಾಡಿ ಇಲ್ಲ. ಜ್ವರ ಇದ್ದರೆ ಇಲ್ಲ. ಆಕ್ಟಿವಾ ಮಾರಿದೆವು. ಎಲ್ಲಿಯಾದರೂ ಹಾಲು ಸೀದ ವಾಸನೆ ಬಂದರೆ, ನಿಜವಾಗಿ ಹಾಲೇ ಸೀದಿದ್ದರೂ, ಬದಿಗೆ ನಿಲ್ಲಿಸುವುದು. ಒಮ್ಮೆ ಹಾಗೆ ನಿಲ್ಲಿಸಿದ್ದೆ. ಪಕ್ಕದಲ್ಲಿ ಚಹಾದ ಗಾಡಿ ಇತ್ತು, ಅವನ ಹಾಲು ಉಕ್ಕಿತ್ತು. ಅಲ್ಲೇ ಒಂದು ಕಟಿಂಗ್ ಕುಡಿದು, ಹತ್ತು ನಿಮಿಷ ಕೂತು, ಮುಂದೆ ಹೋದೆ. ಮತ್ತು ಒಂದೇ ಸಲಕ್ಕೆ ಎರಡು ತಾಸಿಗಿಂತ ಹೆಚ್ಚು ಓಡಿಸುವುದಿಲ್ಲ. ದಣಿವು ನನಗೆ ಮೊದಲಿನ ಹಾಗೆ ಮೆಲ್ಲಗೆ ಬರುವುದಿಲ್ಲ, ದೀಪ ಆರಿದ ಹಾಗೆ ಬರುತ್ತದೆ.

ದೀಪಾವಳಿಗೆ ಊರಿಗೆ ಹೊರಟೆವು. ಅಪ್ಪ ಪುಣೆಗೆ ಬಂದಿದ್ದರು, ನಮ್ಮ ಜೊತೆಗೇ ವಾಪಸ್. ಬೆಳಿಗ್ಗೆ ಐದಕ್ಕೆ ನಾನೇ ಸ್ಟೇರಿಂಗ್ ಹಿಡಿದೆ. ಅಪ್ಪ ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕೂತರು. ಬೇರೆಯವರು ಓಡಿಸುವಾಗ ಅವರು ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ, ಅವತ್ತೂ ಮಾಡಲಿಲ್ಲ. ಕಾತ್ರಜ್ ಬೋಗದೆ ದಾಟಿ, ಖಂಬಾಟ್ಕಿ ಘಾಟ್ ಹತ್ತುವಾಗ ಮುಂದೆ ಸಾಲು ಲಾರಿ. ಒಂದನ್ನು ದಾಟೋಣವೇ ಎಂದು ಕನ್ನಡಿ ನೋಡಿದೆ. ಅಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ದಾಟಲಿಲ್ಲ.

ಸಾತಾರಾದ ಹತ್ತಿರ ಧಾಬಾ ಕಂಡಿತು. ಮೈ ಹಗುರವಾಗಿತ್ತು, ಇನ್ನೂ ಅರ್ಧ ತಾಸು ಹೊಡೆಯಬಹುದಿತ್ತು. ಬದಿಗೆ ಹಾಕಿ, ಇಳಿದು, ಕೀಲಿಯನ್ನು ಗಂಡನ ಕೈಗಿಟ್ಟೆ. ಅಪ್ಪ ಬಾಗಿಲು ತೆಗೆದು ಕಾಲು ಚಾಚುತ್ತ ಕೈಗಡಿಯಾರ ನೋಡಿದರು.

"ಇನ್ನ ಐದ ಮಿನಿಟ ಇತ್ತು," ಅಂದರು.